ರನ್‌ಫ್ಲಾಟ್ ತೆಗೆಸಿ ಮಾಮೂಲಿ ಟೈರ್ ಹಾಕಿಸುವವರು ಮೊದಲು ಸ್ಟೆಪ್ನಿಯ ಲೆಕ್ಕ ಹಾಕಿ

ರನ್‌ಫ್ಲಾಟ್ ಟೈರಿನ ಭರವಸೆ ಇಷ್ಟು: ಗಾಳಿ ಪೂರ್ತಿ ಇಳಿದರೂ ಗಂಟೆಗೆ 80 ಕಿ.ಮೀ. ಮೀರದ ವೇಗದಲ್ಲಿ ಸುಮಾರು 80 ಕಿ.ಮೀ. ಓಡಿಸಿಕೊಂಡು ಹೋಗಿ ಅಂಗಡಿ ಸೇರಬಹುದು. ಪಕ್ಕದ ಗೋಡೆಯ ರಬ್ಬರನ್ನೇ ದಪ್ಪ ಮಾಡಿರುವುದರಿಂದ ಗಾಳಿಯಿಲ್ಲದೆಯೂ ಅದು ಗಾಡಿಯ ಭಾರ ಹೊರುತ್ತದೆ. ನಮ್ಮ ಮಲೆನಾಡಿನ ಕಡೆ ತೊಡಕು ಶುರುವಾಗುವುದು ಆ 80 ಕಿ.ಮೀ. ಮುಗಿದ ಮೇಲೆ. ಕೊಟ್ಟಿಗೆಹಾರದಲ್ಲಿ ಟೈರ್ ಹೋದರೆ ಅಷ್ಟರೊಳಗೆ ಮಂಗಳೂರು ಸಿಗುವುದಿಲ್ಲ. ಹಾಸನದಿಂದ ಬೆಂಗಳೂರು ಅದರ ಎರಡು ಪಟ್ಟಿಗೂ ಹೆಚ್ಚು ದೂರ. ಜಿಲ್ಲಾ ಕೇಂದ್ರದ ಟೈರ್ ಅಂಗಡಿಗಳಲ್ಲಿ ನಿಮ್ಮ ಅಳತೆಯ ರನ್‌ಫ್ಲಾಟ್ ಸಾಮಾನ್ಯವಾಗಿ ದಾಸ್ತಾನು ಇರುವುದಿಲ್ಲ, ತರಿಸಿಯೇ ಕೊಡಬೇಕು. ಗಾಡಿ ತುಂಬ ಜನ, ಸಾಮಾನು, ಮೇಲೆ ಘಟ್ಟದ ಏರು ಸೇರಿಕೊಂಡರೆ 80 ಕೂಡ ಅನುಮಾನವೇ.

ಇನ್ನೊಂದು ಸಂಗತಿ ಇದಕ್ಕಿಂತ ಮುಖ್ಯ. ಮಲೆನಾಡಿನಲ್ಲಿ ಟೈರ್ ಹಾಳಾಗುವುದು ಮೊಳೆ ಚುಚ್ಚಿ ಮಾತ್ರ ಅಲ್ಲ. ಮಳೆನೀರು ತುಂಬಿ ಕಾಣದ ಗುಂಡಿಯ ಅಂಚು, ಡಾಂಬರು ಕಿತ್ತುಹೋದ ರಸ್ತೆ ಬದಿ, ತೋಟದ ದಾರಿಯ ಚೂಪುಕಲ್ಲು, ಇವು ಟೈರಿನ ಪಕ್ಕಕ್ಕೇ ಹೊಡೆಯುತ್ತವೆ. ರನ್‌ಫ್ಲಾಟಿನ ಗಟ್ಟಿ ಪಕ್ಕ ಬಾಗುವುದು ಕಡಿಮೆ, ಹಾಗಾಗಿ ಹೊಡೆತ ನೇರ ರಿಮ್ಮಿಗೆ ಹೋಗುತ್ತದೆ. ರಿಮ್ ಒಳಬದಿಯಲ್ಲಿ ಬಾಗುತ್ತದೆ, ಸೀಳು ಬಿಡುತ್ತದೆ, ಟೈರಿನ ಒಳಗಿನ ನೂಲು ಹರಿದು ಪಕ್ಕದಲ್ಲಿ ಬುಗುಟು ಏಳುತ್ತದೆ. ಬುಗುಟು ಎದ್ದ ಟೈರಿಗೆ ರಿಪೇರಿ ಇಲ್ಲ, ಅದು ಯಾವ ಜಾತಿಯದಾದರೂ ಸರಿ.

ಹಾಗೆಂದು ರನ್‌ಫ್ಲಾಟ್ ಕಿತ್ತು ಮಾಮೂಲಿ ಟೈರ್ ಹಾಕಿಸಿದೊಡನೆ ಕೆಲಸ ಮುಗಿಯಿತು ಎಂದುಕೊಳ್ಳಬೇಡಿ. ರನ್‌ಫ್ಲಾಟ್ ಸಮೇತ ಬರುವ ಗಾಡಿಗಳಲ್ಲಿ ಸಾಮಾನ್ಯವಾಗಿ ಸ್ಟೆಪ್ನಿ ಇಲ್ಲ, ಜಾಕ್ ಇಲ್ಲ, ಎಷ್ಟೋ ಸಲ ವೀಲ್ ಪಾನವೂ ಇಲ್ಲ. ಸ್ಟೆಪ್ನಿಗೆ ದಾರಿ ಮಾಡಿಕೊಳ್ಳದೆ ಟೈರ್ ಮಾತ್ರ ಬದಲಿಸಿದವರು ಮೊದಲಿಗಿಂತ ಕೆಟ್ಟ ಸ್ಥಿತಿಗೆ ಬಂದಿರುತ್ತಾರೆ.

ನಿಮ್ಮದು ರನ್‌ಫ್ಲಾಟ್ ಹೌದೇ?

ಟೈರಿನ ಪಕ್ಕದಲ್ಲಿ ಓದಿ. ಬ್ರಿಡ್ಜ್‌ಸ್ಟೋನ್ ಆದರೆ ಆರ್‌ಎಫ್‌ಟಿ, ಮಿಶೆಲಿನ್ ಆದರೆ ಜಡ್‌ಪಿ, ಕಾಂಟಿನೆಂಟಲ್ ಆದರೆ ಎಸ್‌ಎಸ್‌ಆರ್, ಗುಡ್‌ಇಯರ್ ಆದರೆ ಆರ್‌ಒಎಫ್ ಎಂದು ಇರುತ್ತದೆ. ಬಿಎಂಡಬ್ಲ್ಯು ಮತ್ತು ಮಿನಿ ಗಾಡಿಗಳ ಟೈರಿನ ಮೇಲೆ ಆರ್‌ಎಸ್‌ಸಿ ಎಂದು ವೃತ್ತದೊಳಗೆ ಕಾಣಬಹುದು, ಮರ್ಸಿಡಿಸ್‌ನವು ಎಂಒಇ. ಬರೀ ಎಂಒ ಎಂದಿದ್ದರೆ ಅದು ರನ್‌ಫ್ಲಾಟ್ ಅಲ್ಲ. ಬರೀ ನಕ್ಷತ್ರದ ಗುರುತು ಇದ್ದರೂ ಅಷ್ಟೇ, ಅದು ಬಿಎಂಡಬ್ಲ್ಯು ಒಪ್ಪಿದ ಟೈರ್ ಎಂದು ಮಾತ್ರ ಹೇಳುತ್ತದೆ. ಒಳಗೆ ಅಂಟು ಬಳಿದ, ತೂತನ್ನು ತಾನೇ ಮುಚ್ಚಿಕೊಳ್ಳುವ ಕಾಂಟಿಸೀಲ್ ಥರದವನ್ನು ಕೆಲವು ಅಂಗಡಿಯವರು ರನ್‌ಫ್ಲಾಟ್ ಎಂದೇ ಕರೆಯುತ್ತಾರೆ. ಅವು ಬೇರೆ, ಗಾಳಿ ಹೋದರೆ ಅವು ಭಾರ ಹೊರುವುದಿಲ್ಲ.

ಸ್ಟೆಪ್ನಿ ಮೊದಲು

ಟೈರಿಗೆ ದುಡ್ಡು ಕೊಡುವ ಮುಂಚೆ ಡಿಕ್ಕಿಯ ನೆಲಹಾಸು ಎತ್ತಿ ನೋಡಿ. ಬಹಳ ಬಿಎಂಡಬ್ಲ್ಯು ಗಾಡಿಗಳಲ್ಲಿ ಸ್ಟೆಪ್ನಿಯ ಜಾಗದಲ್ಲಿ ಬ್ಯಾಟರಿ ಕೂತಿರುತ್ತದೆ. ಮಿನಿವ್ಯಾನ್‌ಗಳಲ್ಲಿ ಕಾರಣ ಬೇರೆ: ಅಮೆರಿಕದಲ್ಲಿ ಮಾರಾಟವಾದ ಟೊಯೊಟಾ ಸಿಯೆನ್ನಾದ ನಾಲ್ಕೂ ಚಕ್ರಕ್ಕೆ ಶಕ್ತಿ ಹೋಗುವ ಮಾದರಿಯಲ್ಲಿ ಹಿಂದಿನ ಆಕ್ಸಲಿನ ಸಾಮಾನು ಸ್ಟೆಪ್ನಿಯ ಜಾಗ ತಿಂದದ್ದರಿಂದ ರನ್‌ಫ್ಲಾಟ್ ಕೊಟ್ಟರು. ಅಂದರೆ ಡಿಕ್ಕಿಯಲ್ಲಿ ಅದಕ್ಕೆಂದು ಗುಂಡಿಯೇ ಇಲ್ಲದ ಕಡೆ ಸ್ಟೆಪ್ನಿ ಇಡುವುದು ಹೇಗೆ ಎಂಬುದನ್ನು ನೀವೇ ಬಗೆಹರಿಸಬೇಕು.

ದಾರಿ ಮೂರು. ಒಂದು, ಪೂರ್ತಿ ಅಳತೆಯ ಐದನೇ ವೀಲ್. ಮೂಡಿಗೆರೆ, ಕಳಸ, ಸಕಲೇಶಪುರದ ಕಡೆ ದಿನವೂ ಓಡಾಡುವವರಿಗೆ ಇದೇ ಸರಿ. ಟೈರ್ ಸಮೇತ 20 ಕೆ.ಜಿ. ಆಸುಪಾಸು ತೂಗುವ ಇದನ್ನು ಡಿಕ್ಕಿಯಲ್ಲಿ ಹಾಗೇ ಬಿಡಬಾರದು. ಜೋರಾಗಿ ಬ್ರೇಕ್ ಒತ್ತಿದರೆ ಸೀಟಿನ ಬೆನ್ನಿಗೆ ಬಡಿಯುತ್ತದೆ. ಡಿಕ್ಕಿಯ ನೆಲದಲ್ಲಿರುವ ಕೊಕ್ಕೆಗಳಿಗೆ ರ‍್ಯಾಚೆಟ್ ಬೆಲ್ಟ್ ಹಾಕಿ ಬಿಗಿಯಿರಿ. ಎರಡು, ಸಣ್ಣ ತಾತ್ಕಾಲಿಕ ಸ್ಟೆಪ್ನಿ. ಜಾಗ ಉಳಿಯುತ್ತದೆ, ಆದರೆ ಇದಕ್ಕೂ 80 ಕಿ.ಮೀ. ವೇಗದ ಮಿತಿ ಇದೆ, ಗಾಳಿ 60 ಪಿಎಸ್‌ಐ ಬೇಕು. ತಿಂಗಳಿಗೊಮ್ಮೆ ಅದರ ಗಾಳಿ ನೋಡದಿದ್ದರೆ ಬೇಕಾದ ದಿನ ಅದೂ ಚಪ್ಪಟೆ. ಮುಂದಿನ ಬ್ರೇಕ್ ಕ್ಯಾಲಿಪರಿಗೆ ತಾಗದೆ ಕೂರುತ್ತದೆಯೇ ಎಂದು ಮನೆಯಲ್ಲೇ ಒಮ್ಮೆ ಹಾಕಿ ತಿರುಗಿಸಿ ನೋಡಬೇಕು. ನಾಲ್ಕು ಚಕ್ರಕ್ಕೂ ಶಕ್ತಿ ಹೋಗುವ ಗಾಡಿಯಾದರೆ ಸಣ್ಣ ಸ್ಟೆಪ್ನಿ ಹತ್ತಿರದ ಅಂಗಡಿ ಮುಟ್ಟುವ ತನಕ ಮಾತ್ರ. ಸುತ್ತಳತೆಯಲ್ಲಿ ಒಂದು ಚಕ್ರ ಬೇರೆಯಾದರೆ ಮುಂದಿನ ಮತ್ತು ಹಿಂದಿನ ಚಕ್ರಗಳಿಗೆ ಶಕ್ತಿ ಹಂಚುವ ನಡುವಿನ ಕ್ಲಚ್ ಬಿಡುವಿಲ್ಲದೆ ಉಜ್ಜಿ ಬಿಸಿಯಾಗುತ್ತದೆ.

ಮೂರನೆಯದು ಸ್ಟೆಪ್ನಿ ಇಲ್ಲದೆ ಪಂಕ್ಚರ್ ಕಿಟ್ ಮತ್ತು 12 ವೋಲ್ಟಿನ ಕಂಪ್ರೆಸರ್. ಕಾನೂನಿನ ಅಡ್ಡಿಯಿಲ್ಲ: 2020ರ ತಿದ್ದುಪಡಿಯಂತೆ ಚಾಲಕನನ್ನು ಬಿಟ್ಟು ಎಂಟು ಸೀಟಿನ ತನಕದ, ಒಟ್ಟು ತೂಕ 3.5 ಟನ್ ಮೀರದ ಗಾಡಿಯಲ್ಲಿ ಟ್ಯೂಬ್‌ಲೆಸ್ ಟೈರ್, ರಿಪೇರಿ ಕಿಟ್, ಗಾಳಿಯ ಒತ್ತಡ ತೋರಿಸುವ ವ್ಯವಸ್ಥೆ ಇದ್ದರೆ ಸ್ಟೆಪ್ನಿ ಕಡ್ಡಾಯವಲ್ಲ. ಆದರೆ ಕಿಟ್ ಕೆಲಸ ಮಾಡುವುದು ರಸ್ತೆಗೆ ತಾಗುವ ಭಾಗದ ಸಣ್ಣ ತೂತಿಗೆ. ಕಿಟ್ಟಿನ ಬಾಟಲಿಯಲ್ಲಿರುವ ದ್ರಾವಣ ಮುಚ್ಚುವುದು ಸುಮಾರು 6 ಮಿ.ಮೀ. ತನಕ, ಬಾಟಲಿಗೆ ಮುಗಿಯುವ ತಾರೀಖೂ ಇದೆ. ಪಕ್ಕ ಹರಿದರೆ ಯಾವ ಕಿಟ್ಟೂ ಉಪಯೋಗಕ್ಕೆ ಬಾರದು. ಹಾಸನದ ಪೇಟೆಯೊಳಗೆ ಮತ್ತು ಬೆಂಗಳೂರು ಹೆದ್ದಾರಿಯಲ್ಲಷ್ಟೇ ಓಡುವ ಗಾಡಿಗೆ ಇದು ಸಾಕು. ಮಳೆಗಾಲದ ರಾತ್ರಿ ಚಾರ್ಮಾಡಿ ಇಳಿಯುವವರಿಗೆ ಸಾಲದು.

ಜಾಕ್ ಕೊಳ್ಳುವಾಗ ನಿಮ್ಮ ಗಾಡಿಯ ಎತ್ತುವ ಜಾಗ ನೋಡಿ. ಬಿಎಂಡಬ್ಲ್ಯು ಗಾಡಿಗಳಡಿ ಚೌಕದ ಪ್ಲಾಸ್ಟಿಕ್ ಗುಳಿ ಇರುತ್ತದೆ, ಅದಕ್ಕೆ ಹೊಂದುವ ರಬ್ಬರ್ ತಲೆ ಬೇಕು. ಮಾಮೂಲಿ ಸೀಳು ತಲೆಯ ಜಾಕ್ ಜಾರುತ್ತದೆ. ತೋಟದ ಮೆತ್ತನೆ ಮಣ್ಣಿಗೆಂದು ಜಾಕಿನಡಿ ಇಡಲು ಒಂದಡಿ ಚೌಕದ ಹಲಗೆ, 17 ಮಿ.ಮೀ. ಸಾಕೆಟ್, ಲಾಕ್ ಬೋಲ್ಟ್ ಇದ್ದರೆ ಅದರ ಕೀ, ಟಾರ್ಚ್, ಚಕ್ರಕ್ಕೆ ಕೊಡುವ ಎರಡು ಒಡ್ಡು, ಇವೆಲ್ಲ ಒಂದೇ ಚೀಲದಲ್ಲಿರಲಿ. ಲಾಕ್ ಬೋಲ್ಟಿನ ಕೀ ಮನೆಯ ಬೀರುವಿನಲ್ಲಿದ್ದು ಗಾಡಿ ಘಟ್ಟದಲ್ಲಿ ನಿಂತಿರುವುದು ಬಹಳ ಮಾಮೂಲಿ ಸಂಗತಿ.

ರಿಮ್ ಬದಲಿಸಬೇಕೇ?

ಬಹುಪಾಲು ಗಾಡಿಗಳಲ್ಲಿ ಬೇಕಿಲ್ಲ. ರಿಮ್ಮಿನ ಹಿಂಬದಿಯಲ್ಲಿ ‘7.5 ಜೆ × 17 ಇಎಚ್2’ ಎಂಬಂತೆ ಅಚ್ಚು ಇರುತ್ತದೆ. ಇಎಚ್2 ಎಂದರೆ ಟೈರಿನ ಬೀಡ್ (ರಿಮ್ಮಿಗೆ ಕಚ್ಚಿ ಕೂರುವ, ತಂತಿ ಇರುವ ಅಂಚು) ಜಾರದಂತೆ ಒಳಗಿನ ಏಣು ಸ್ವಲ್ಪ ಎತ್ತರಿಸಿದ್ದಾರೆ ಎಂದರ್ಥ. ಇದರ ಮೇಲೆ ಅದೇ ಅಳತೆಯ ಮಾಮೂಲಿ ಟ್ಯೂಬ್‌ಲೆಸ್ ಟೈರ್ ತೊಂದರೆಯಿಲ್ಲದೆ ಕೂರುತ್ತದೆ, ಬೀಡ್ ಕೂರುವಾಗ ಸ್ವಲ್ಪ ಹಠ ಮಾಡುತ್ತದೆ ಅಷ್ಟೇ.

ರಿಮ್ ಬದಲಿಸಲೇಬೇಕಾದ ಪ್ರಸಂಗ ಒಂದಿದೆ: ಮಿಶೆಲಿನ್‌ನ ಪ್ಯಾಕ್ಸ್, ಅಂದರೆ ಟೈರೂ ರಿಮ್ಮೂ ಜೋಡಿಯಾಗಿಯೇ ಬರುವ ರನ್‌ಫ್ಲಾಟ್. 2005ರ ಹೋಂಡಾ ಒಡಿಸ್ಸಿ ಮಿನಿವ್ಯಾನಿನ ಟೂರಿಂಗ್ ಮಾದರಿಯಲ್ಲಿ ಇದು ಅಮೆರಿಕದಲ್ಲಿ ಬಂತು. ಇದರ ರಿಮ್ ಇಂಚಿನ ಲೆಕ್ಕದ್ದಲ್ಲ, 460 ಮಿ.ಮೀ. ಲೆಕ್ಕದ್ದು. ಎರಡು ಬದಿಯ ಬೀಡಿಗೆ ವ್ಯಾಸ ಬೇರೆ ಬೇರೆ, ಒಳಗೆ ಭಾರ ಹೊರುವ ಬಳೆ. ಮಾಮೂಲಿ ಟೈರ್ ಇದರ ಮೇಲೆ ಕೂರುವುದೇ ಇಲ್ಲ, ನಾಲ್ಕೂ ರಿಮ್ ತೆಗೆದು ಬೇರೆ ಹಾಕಬೇಕು.

ನಮ್ಮ ರಸ್ತೆಗೆ ರಿಮ್ ಬದಲಿಸುವುದಕ್ಕೆ ಬೇರೊಂದು ಒಳ್ಳೆಯ ಕಾರಣವಿದೆ. ಒಂದು ಇಂಚು ಚಿಕ್ಕ ರಿಮ್, ಅಷ್ಟೇ ಎತ್ತರ ಹೆಚ್ಚಾದ ಟೈರ್. ಬಿಎಂಡಬ್ಲ್ಯು ಎಕ್ಸ್1ರ ಎರಡನೇ ತಲೆಮಾರು, ಮಿನಿ ಕಂಟ್ರಿಮ್ಯಾನ್ ಇವುಗಳಲ್ಲಿ ಬರುವ 225/50 ಆರ್18 ಅಳತೆಯನ್ನೇ ತೆಗೆದುಕೊಳ್ಳಿ. ಪಕ್ಕದ ಎತ್ತರ 225ರಲ್ಲಿ ಶೇ 50, ಅಂದರೆ 112.5 ಮಿ.ಮೀ. 18 ಇಂಚು ಎಂದರೆ 457.2 ಮಿ.ಮೀ. ಎರಡೂ ಪಕ್ಕ ಸೇರಿಸಿದರೆ ಒಟ್ಟು ವ್ಯಾಸ 682.2 ಮಿ.ಮೀ. 225/55 ಆರ್17 ಆದರೆ ಪಕ್ಕ 123.75, ಒಟ್ಟು 679.3 ಮಿ.ಮೀ. ವ್ಯಾಸದ ವ್ಯತ್ಯಾಸ ಶೇ ಅರ್ಧಕ್ಕೂ ಕಡಿಮೆ, ಸ್ಪೀಡೋಮೀಟರಿಗೆ ಗೊತ್ತೇ ಆಗುವುದಿಲ್ಲ. ಗುಂಡಿಗೂ ರಿಮ್ಮಿಗೂ ನಡುವೆ ಮಾತ್ರ 11 ಮಿ.ಮೀ. ಹೆಚ್ಚು ರಬ್ಬರ್ ಸಿಕ್ಕಿತು. 18ರ ರಿಮ್ ಒಂದೆರಡು ಬಾಗಿ ಹೋಗಿದ್ದರಂತೂ ಅದನ್ನೇ ಬಡಿಸಿ ನೇರ ಮಾಡಿಸುವುದಕ್ಕಿಂತ ಇದು ಜಾಣತನ. ಒಳಬದಿಯಲ್ಲಿ ಸೀಳಿದ ಅಲಾಯ್‌ಗೆ ವೆಲ್ಡಿಂಗ್ ಮಾಡಿಸಿ ಘಟ್ಟ ಇಳಿಯುವ ಕೆಲಸ ಬೇಡವೇ ಬೇಡ.

ಚಿಕ್ಕ ರಿಮ್ ತರುವಾಗ ಹೊಂದಬೇಕಾದದ್ದು: ಬೋಲ್ಟುಗಳ ವೃತ್ತ, ನಡುವಿನ ತೂತು, ಇಟಿ ಸಂಖ್ಯೆ (ರಿಮ್ಮಿನ ನಡುಗೆರೆಯಿಂದ ಅದು ಗಾಡಿಗೆ ತಾಗಿ ಕೂರುವ ಮುಖಕ್ಕೆ ಇರುವ ದೂರ), ಬೋಲ್ಟಿನ ತಲೆಯ ಆಕಾರ, ಬ್ರೇಕಿಗೆ ಸಿಗುವ ಜಾಗ. ಹಳೆಯ ಬಿಎಂಡಬ್ಲ್ಯುಗಳು 5×120, ನಡು ತೂತು 72.6 ಮಿ.ಮೀ. ಹೊಸವು ಮತ್ತು ಮರ್ಸಿಡಿಸ್ 5×112, ನಡು ತೂತು 66.6. ‘ಸ್ವಲ್ಪ ತಾನೇ ವ್ಯತ್ಯಾಸ’ ಎಂದು 5×114.3ರ ರಿಮ್ಮನ್ನು 5×112ಕ್ಕೆ ಎಳೆದು ಕೂರಿಸುವವರಿದ್ದಾರೆ. ಬೋಲ್ಟ್ ಓರೆಯಾಗಿ ಕೂತು ದಿನ ಕಳೆದಂತೆ ಸಡಿಲವಾಗುತ್ತದೆ. ಮರ್ಸಿಡಿಸ್ ಬೋಲ್ಟಿನ ಕೆಳಭಾಗ ಗುಂಡಗೆ, ಬಿಎಂಡಬ್ಲ್ಯುದು ಶಂಕುವಿನಾಕಾರ, ಒಂದರದ್ದು ಇನ್ನೊಂದಕ್ಕೆ ಬಾರದು. ಬೋಲ್ಟಿನ ಉದ್ದವನ್ನೂ ನೋಡಿ: ಕಬ್ಬಿಣದ ತೆಳು ರಿಮ್ಮಿಗೆ ಅಲಾಯ್‌ನ ಉದ್ದ ಬೋಲ್ಟ್ ಹಾಕಿದರೆ ಒಳಗೆ ಹೊರಚಾಚಿ ಏನಾದರೂ ತಾಗಬಹುದು. ಈ ತಲೆನೋವು ಬೇಡವೆಂದರೆ ಅದೇ ಮಾದರಿಯ ಕೆಳ ಆವೃತ್ತಿಯಲ್ಲಿ ಕಂಪನಿಯೇ ಕೊಟ್ಟ ಚಿಕ್ಕ ರಿಮ್ಮುಗಳ ಸೆಟ್ ಹುಡುಕಿ. ಡ್ರೈವರ್ ಬಾಗಿಲ ಕಂಬದ ಸ್ಟಿಕ್ಕರ್ ಅಥವಾ ಮಾಲೀಕರ ಕೈಪಿಡಿಯಲ್ಲಿರುವ ಅಳತೆಯಿಂದ ಆಚೆ ಹೋಗಬೇಡಿ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ತಯಾರಕರ ವಿವರಕ್ಕೆ ಹೊಂದದ ಬದಲಾವಣೆಯನ್ನು ಒಪ್ಪುವುದಿಲ್ಲ. ವಿಮೆ ಕಂಪನಿಗೂ ಒಂದು ಇಮೇಲ್ ಹಾಕಿ ಇಟ್ಟುಕೊಂಡರೆ ಕ್ಲೇಮಿನ ಹೊತ್ತಿಗೆ ಮಾತು ಬೆಳೆಯುವುದಿಲ್ಲ.

ಟೈರಿನ ಮೇಲಿನ ಅಂಕಿ

ಅಳತೆಯ ಪಕ್ಕದಲ್ಲಿ 95 ಡಬ್ಲ್ಯು, 99 ವಿ ಎಂಬಂತೆ ಇರುವುದನ್ನು ಅಂಗಡಿಯಲ್ಲಿ ಯಾರೂ ನೋಡುವುದಿಲ್ಲ. ಏಳು ಜನ ಕೂರುವ ಗಾಡಿಯಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು ಅದೇ. 95 ಎಂದರೆ ಒಂದು ಟೈರ್ 690 ಕೆ.ಜಿ. ಹೊರುತ್ತದೆ, 97 ಆದರೆ 730, 99 ಆದರೆ 775, 103 ಆದರೆ 875. ಸ್ಟಿಕ್ಕರಿನಲ್ಲಿರುವ ಅಂಕಿಗಿಂತ ಕೆಳಗೆ ಇಳಿಯಬಾರದು. ಅಕ್ಷರ ವೇಗದ್ದು: ಎಚ್ 210, ವಿ 240, ಡಬ್ಲ್ಯು 270. ನಮ್ಮ ರಸ್ತೆಯಲ್ಲಿ ಆ ವೇಗ ಕನಸೇ, ಆದರೂ ತಯಾರಕರು ಹೇಳಿದ್ದಕ್ಕಿಂತ ಇಳಿಸಿದರೆ ವಿಮೆಯವರಿಗೆ ಒಂದು ನೆಪ ಸಿಗುತ್ತದೆ.

ಎಕ್ಸ್‌ಎಲ್ ಎಂಬ ಗುರುತಿದ್ದರೆ ಅದು ಹೆಚ್ಚು ಭಾರದ ಟೈರ್. ಇಲ್ಲಿ ಒಂದು ಮೋಸ ಹೋಗುವ ಜಾಗವಿದೆ. ಮಾಮೂಲಿ ಟೈರ್ ತನ್ನ ಪೂರ್ತಿ ಭಾರ ಹೊರುವುದು 36 ಪಿಎಸ್‌ಐನಲ್ಲಿ, ಎಕ್ಸ್‌ಎಲ್ ಹೊರುವುದು 42ರಲ್ಲಿ. 99ರ ಎಕ್ಸ್‌ಎಲ್ ಟೈರಿಗೆ 36 ಪಿಎಸ್‌ಐ ಹಾಕಿದರೆ ಅದು ಹೊರುವುದು 95ರ ಮಾಮೂಲಿ ಟೈರ್ ಹೊರುವಷ್ಟೇ. ಅಂಕಿ ದೊಡ್ಡದಿದೆಯೆಂದು ಗಾಳಿ ಕಡಿಮೆ ಹಾಕಿಕೊಂಡು ‘ಮೆತ್ತಗಿರಲಿ’ ಎನ್ನುವಂತಿಲ್ಲ. ಎಕ್ಸ್‌ಎಲ್ ಆರಿಸಿದರೆ ಸಿಗುವ ಇನ್ನೊಂದು ಲಾಭ ಎಂದರೆ ಪಕ್ಕ ಸ್ವಲ್ಪ ಗಟ್ಟಿ. ರನ್‌ಫ್ಲಾಟಿಗೆ ಹೊಂದಿಸಿದ ಸಸ್ಪೆನ್ಷನ್ ಇರುವ ಗಾಡಿಯಲ್ಲಿ ಘಟ್ಟದ ತಿರುವಿನಲ್ಲಿ ತೇಲಿದ ಹಾಗೆ ಆಗುವುದು ಕಡಿಮೆ.

ಟೈರಿನ ಮೇಲೆ ಐಎಸ್‌ಐ ಗುರುತು ಇರಬೇಕು. ತಯಾರಾದ ತಾರೀಖು ನಾಲ್ಕು ಅಂಕಿಯಲ್ಲಿದೆ: 2324 ಎಂದರೆ 2024ರ 23ನೇ ವಾರ. ಅಪರೂಪದ ಅಳತೆಗಳಲ್ಲಿ ಹಳೆಯ ಮಾಲು ಸಿಗುವುದು ಹೆಚ್ಚು, ಬಿಲ್ ಮಾಡಿಸುವ ಮುಂಚೆ ನಾಲ್ಕರದ್ದೂ ಓದಿ. ಟೈರಿನ ಜಾತಿಯ ವಿಚಾರಕ್ಕೆ ಬಂದರೆ, ಜೂನ್‌ನಿಂದ ಸೆಪ್ಟೆಂಬರ್ ತನಕ ಒದ್ದೆ ರಸ್ತೆಯಲ್ಲೇ ಬದುಕುವ ಊರಿಗೆ ಒದ್ದೆಯಲ್ಲಿ ಹಿಡಿಯುವ ಟೈರೇ ಬೇಕು. ಹತ್ತು ಸಾವಿರ ಕಿ.ಮೀ. ಹೆಚ್ಚು ಬಾಳುತ್ತದೆ ಎಂಬ ಮಾತಿಗೆ ಮರುಳಾಗಿ ಗಟ್ಟಿ ರಬ್ಬರಿನದು ತಂದರೆ ಶಿರಾಡಿಯ ಇಳಿಜಾರಿನಲ್ಲಿ ಬ್ರೇಕ್ ಹಿಡಿಯುವಾಗ ತಿಳಿಯುತ್ತದೆ. ದಪ್ಪ ಗುಬುಟಿನ ಕಚ್ಚಾ ರಸ್ತೆಯ ಟೈರ್ ತೋಟದೊಳಗೇ ದಿನ ಕಳೆಯುವ ಗಾಡಿಗೆ ಸರಿ. ಉಳಿದವರಿಗೆ ಸದ್ದು ಜಾಸ್ತಿ, ಒದ್ದೆ ಡಾಂಬರಿನಲ್ಲಿ ಹಿಡಿತವೂ ಕಡಿಮೆ.

ನಾಲ್ಕನ್ನೂ ಒಟ್ಟಿಗೇ ಬದಲಿಸಿ. ಮುಂದೆ ಎರಡು ಮಾಮೂಲಿ, ಹಿಂದೆ ಎರಡು ರನ್‌ಫ್ಲಾಟ್ ಎಂಬ ಉಳಿತಾಯ ಮಾಡಬೇಡಿ. ಎರಡರ ಬಿಗಿತ ಬೇರೆಯಾದ್ದರಿಂದ ತಿರುವಿನಲ್ಲಿ ಮುಂದಿನ ಜೋಡಿ ಒಂದು ಥರ, ಹಿಂದಿನದು ಇನ್ನೊಂದು ಥರ ನಡೆದುಕೊಳ್ಳುತ್ತದೆ.

ಅಂಗಡಿಯಲ್ಲಿ ನಿಂತು ನೋಡಬೇಕಾದದ್ದು

ಹೊಸ ಟೈರ್ ಹಾಕುವುದಕ್ಕಿಂತ ಹಳೆಯ ರನ್‌ಫ್ಲಾಟ್ ಬಿಚ್ಚುವುದು ಕಷ್ಟ. ಪಕ್ಕ ಗಟ್ಟಿಯಾದ್ದರಿಂದ ಸಹಾಯಕ ತೋಳು ಇಲ್ಲದ ಯಂತ್ರದಲ್ಲಿ ಹುಡುಗರು ಕಬ್ಬಿಣದ ಪಟ್ಟಿ ಹಾಕಿ ಮೀಟುತ್ತಾರೆ. ಆಗ ರಿಮ್ಮಿನ ಅಂಚು ಕೆತ್ತಿಹೋಗುತ್ತದೆ, ಗಾಳಿಯ ಒತ್ತಡ ಅಳೆಯುವ ಒಳಗಿನ ಸೆನ್ಸರ್ ಮುರಿಯುತ್ತದೆ. ಮೊದಲೇ ಫೋನ್ ಮಾಡಿ ತೋಳು ಇರುವ ಯಂತ್ರ ಇದೆಯೇ ಕೇಳಿ, ಸೆನ್ಸರ್ ವಾಲ್ವಿನ ಬುಡದಲ್ಲಿದೆ ಎಂದು ಹೇಳಿ. ಬೀಡ್ ಒತ್ತಿ ಬಿಡಿಸುವ ಹಲಗೆ ವಾಲ್ವಿನ ಎದುರು ಬದಿಗೆ ಬರಬೇಕು.

ಟೈರ್ ಹೊರಬಂದ ಮೇಲೆ ಬರೀ ರಿಮ್ಮನ್ನು ಬ್ಯಾಲೆನ್ಸಿಂಗ್ ಯಂತ್ರದಲ್ಲಿ ತಿರುಗಿಸಿ ಒಳ ಅಂಚು ನೋಡಲು ಹೇಳಿ. ಕುಲುಕುವುದು, ಸೀಳಿದ್ದು ಆಗಲೇ ಕಾಣುತ್ತದೆ, ಟೈರ್ ಕೂರಿಸಿದ ಮೇಲಲ್ಲ. ಬೀಡ್ ಕೂರುವ ಜಾಗದ ಬಿಳಿ ತುಕ್ಕು ಮತ್ತು ಹಳೆಯ ಅಂಟುತೂಕದ ಗೋಂದನ್ನು ಪೂರ್ತಿ ಕೆರೆಸಿ. ಹೊಸ ಟೈರಿನಲ್ಲೂ ನಿಧಾನಕ್ಕೆ ಗಾಳಿ ಇಳಿಯುತ್ತದೆ ಎಂಬ ದೂರಿಗೆ ಬಹಳ ಸಲ ಈ ತುಕ್ಕೇ ಕಾರಣ. ಸೆನ್ಸರ್ ಇದ್ದರೆ ಅದರ ರಬ್ಬರ್ ಸೀಲ್, ನಟ್, ಒಳಪಿನ್ನು ಹೊಸತು ಹಾಕಿಸಿ. ಪಿನ್ನು ನಿಕ್ಕಲ್ ಲೇಪದ್ದೇ ಆಗಬೇಕು. ಅಲ್ಯುಮಿನಿಯಂ ಕೊಳವೆಯೊಳಗೆ ಸಾದಾ ಹಿತ್ತಾಳೆಯ ಪಿನ್ನು ಒಂದೆರಡು ಮಳೆಗಾಲದಲ್ಲಿ ಕಚ್ಚಿಕೊಂಡು ಕೂರುತ್ತದೆ. ಸೆನ್ಸರಿಗೆ ಏಳೆಂಟು ವರ್ಷ ಆಗಿದ್ದರೆ ಈಗಲೇ ಬದಲಿಸಿ, ಅದರ ಸೆಲ್ ಮಾತ್ರ ಬದಲಿಸುವಂತಿಲ್ಲ.

ಇಎಚ್2 ರಿಮ್ಮಿನಲ್ಲಿ ಬೀಡ್ ಕೂರುವಾಗ ‘ಠಪ್’ ಎಂದು ಎರಡು ಸಲ ಸದ್ದು ಬರಬೇಕು. 40 ಪಿಎಸ್‌ಐಗೂ ಕೂರದಿದ್ದರೆ ಗಾಳಿ ಬಿಟ್ಟು, ಸೋಪಿನ ಪೇಸ್ಟ್ ಮತ್ತೆ ಹಚ್ಚಿ, ಪುನಃ ತುಂಬಬೇಕು. 60, 70 ಎಂದು ಏರಿಸುತ್ತಾ ಹೋದರೆ ಬೀಡ್ ತಂತಿ ಹರಿದು ಟೈರ್ ಸಿಡಿಯಬಹುದು. ಕೂತ ಮೇಲೆ ರಿಮ್ಮಿಗೆ ಸಮನಾಗಿ ಟೈರಿನ ಮೇಲಿರುವ ಸಣ್ಣ ಗೆರೆ ಸುತ್ತಲೂ ಒಂದೇ ಅಂತರದಲ್ಲಿದೆಯೇ ನೋಡಿ.

ಗಾಡಿಗೆ ಹಾಕುವ ಮುಂಚೆ ಹಬ್ಬಿನ (ಗಾಡಿಯ ಕಡೆ ವೀಲ್ ಕೂರುವ ಭಾಗ) ಮುಖವನ್ನು ತಂತಿ ಬ್ರಷ್ಷಿನಲ್ಲಿ ಉಜ್ಜಿ, ನಡುವಿನ ಅಂಚಿಗೆ ಮಾತ್ರ ತೆಳ್ಳಗೆ ಗ್ರೀಸ್ ಸವರಿಸಿ. ಮಳೆಯೂರಿನಲ್ಲಿ ಅಲಾಯ್ ಹಬ್ಬಿಗೆ ಕಚ್ಚಿಕೊಂಡು, ಬೋಲ್ಟ್ ಬಿಚ್ಚಿದರೂ ವೀಲ್ ಕಳಚುವುದಿಲ್ಲ. ರಸ್ತೆ ಬದಿಯಲ್ಲಿ ಕತ್ತಲೆಯಲ್ಲಿ ಒದೆಯುತ್ತಾ ನಿಲ್ಲುವುದಕ್ಕಿಂತ ಇದು ವಾಸಿ. ಬೋಲ್ಟಿನ ಎಳೆಗೆ ಗ್ರೀಸ್ ಬೇಡ, ಬಿಗಿತದ ಲೆಕ್ಕ ತಪ್ಪುತ್ತದೆ. ಬೋಲ್ಟುಗಳನ್ನು ಕೈಯಲ್ಲಿ ಹಿಡಿಸಿ, ನಕ್ಷತ್ರದ ಕ್ರಮದಲ್ಲಿ ಟಾರ್ಕ್ ರೆಂಚಿನಿಂದ ಬಿಗಿಸಿ: ಬಿಎಂಡಬ್ಲ್ಯುದಲ್ಲಿ 12 ಮಿ.ಮೀ. ಬೋಲ್ಟಿಗೆ 120 ನ್ಯೂಟನ್ ಮೀಟರ್, ಹೊಸ ಮಾದರಿಗಳ 14 ಮಿ.ಮೀ.ಗೆ 140. ಬೇರೆ ಗಾಡಿಯಾದರೆ ಕೈಪಿಡಿ ನೋಡಿ. ಗಾಳಿ ಗನ್ನಿನಲ್ಲಿ ಬಿಗಿದ ಬೋಲ್ಟನ್ನು ಡಿಕ್ಕಿಯ ಪಾನದಿಂದ ಬಿಚ್ಚುವುದು ಪೈಲ್ವಾನನಿಗೂ ಕಷ್ಟ.

ಆಮೇಲೆ

ಬೆಳಗ್ಗೆ, ಟೈರ್ ತಣ್ಣಗಿರುವಾಗ ಸ್ಟಿಕ್ಕರಿನ ಪ್ರಕಾರ ಗಾಳಿ ಸರಿಮಾಡಿ. ಪೂರ್ತಿ ಜನ, ಸಾಮಾನಿನ ಅಂಕಿ ಬೇರೆ ಇರುತ್ತದೆ, ಧರ್ಮಸ್ಥಳಕ್ಕೆ ಮನೆಮಂದಿಯೆಲ್ಲ ಹೊರಟ ದಿನ ಆ ಅಂಕಿ. ಅದಾದ ಮೇಲೆ ಗಾಡಿಯ ಮೆನುವಿನಲ್ಲಿ ಟೈರ್ ಒತ್ತಡ ರೀಸೆಟ್ ಮಾಡಿ ಒಂದಿಷ್ಟು ದೂರ ಓಡಿಸಿ. ಕೆಲವು ಗಾಡಿಯಲ್ಲಿ ಸೆನ್ಸರ್ ಇರುವುದಿಲ್ಲ, ಚಕ್ರ ತಿರುಗುವ ವೇಗದ ವ್ಯತ್ಯಾಸದಿಂದ ಗಾಳಿ ಇಳಿದದ್ದನ್ನು ಗುರುತಿಸುತ್ತದೆ. ಅದಕ್ಕೆ ಹೊಸ ಟೈರಿನ ಸುತ್ತಳತೆ ಕಲಿಸಲೇಬೇಕು. ರೀಸೆಟ್ ಮರೆತರೆ ಸುಳ್ಳು ಎಚ್ಚರಿಕೆ ಬರುತ್ತದೆ, ಇಲ್ಲವೇ ನಿಜವಾಗಿ ಗಾಳಿ ಇಳಿದಾಗ ಬರುವುದಿಲ್ಲ.

50ರಿಂದ 100 ಕಿ.ಮೀ. ಓಡಿದ ಮೇಲೆ ಬೋಲ್ಟುಗಳನ್ನು ಇನ್ನೊಮ್ಮೆ ಟಾರ್ಕ್ ರೆಂಚಿನಲ್ಲಿ ನೋಡಬೇಕು, ಚಿಕ್ಕಮಗಳೂರಿನಲ್ಲಿ ಹಾಕಿಸಿದವರಿಗೆ ಹಾಸನ ಮುಟ್ಟಿದರೆ ಅಷ್ಟಾಯಿತು. ಟೈರ್ ಬದಲಿಸಿದ್ದರಿಂದ ಅಲೈನ್‌ಮೆಂಟ್ ಕೆಡುವುದಿಲ್ಲ, ಆದರೆ ರಿಮ್ ಬಾಗಿಸಿದ ಗುಂಡಿ ಅಲೈನ್‌ಮೆಂಟನ್ನೂ ಬಿಟ್ಟಿರುವುದಿಲ್ಲ, ಮಾಡಿಸಿಬಿಡಿ. ಮೊದಲ ಕೆಲವು ದಿನ ಸ್ಟೇರಿಂಗ್ ಸ್ವಲ್ಪ ಸಡಿಲ ಅನಿಸುತ್ತದೆ. ಅದು ದೋಷವಲ್ಲ, ಗಾಳಿ ಏರಿಸಿ ಸರಿಮಾಡಲು ಹೋಗಬೇಡಿ.

ಓಡಿಸುವವರು ಬಿಡಬೇಕಾದ ಒಂದು ಅಭ್ಯಾಸವಿದೆ. ರನ್‌ಫ್ಲಾಟಿನಲ್ಲಿ ಎಚ್ಚರಿಕೆ ದೀಪ ಬಂದರೂ ‘ಊರು ಮುಟ್ಟಿದ ಮೇಲೆ ನೋಡೋಣ’ ಎನ್ನಬಹುದಿತ್ತು. ಮಾಮೂಲಿ ಟೈರಿನಲ್ಲಿ ದೀಪ ಬಂದರೆ ಮೊದಲು ಸಿಗುವ ಅಗಲ ಜಾಗದಲ್ಲಿ ನಿಲ್ಲಿಸಬೇಕು. ಗಾಳಿಯಿಲ್ಲದೆ ಒಂದು ಕಿ.ಮೀ. ಓಡಿದರೂ ಪಕ್ಕ ಒಳಗಿನಿಂದ ಪುಡಿಯಾಗಿ, ಸಣ್ಣ ಮೊಳೆಯ ತೂತಿಗೆ ಇಡೀ ಟೈರ್ ಬಲಿಯಾಗುತ್ತದೆ. ಘಟ್ಟದ ತಿರುವಿನಲ್ಲಾದರೆ ತಿರುವು ದಾಟುವಷ್ಟು ನಿಧಾನಕ್ಕೆ ಉರುಳಿಸಿ ನಿಲ್ಲಿಸಿ, ತ್ರಿಕೋನ ಇಟ್ಟು, ಚಕ್ರಕ್ಕೆ ಒಡ್ಡು ಕೊಟ್ಟು ಆಮೇಲೆ ಜಾಕ್ ಹಾಕಿ. ತೂತಿಗೆ ಹೊರಗಿನಿಂದ ರಬ್ಬರ್ ಸ್ಟ್ರಿಪ್ ತುರುಕಿ ಊರು ಮುಟ್ಟಿದ್ದಾದರೆ ಮರುದಿನವೇ ಟೈರ್ ಬಿಚ್ಚಿಸಿ ಒಳಗಿನಿಂದ ಅಣಬೆಯಾಕಾರದ ಮಶ್ರೂಮ್ ಪ್ಯಾಚ್ ಹಾಕಿಸಿ. ದ್ರಾವಣ ಬಳಸಿದ್ದರೆ ಪಂಕ್ಚರ್ ಅಂಗಡಿಯವರಿಗೆ ಮುಂಚೆಯೇ ಹೇಳಿ, ಸೆನ್ಸರ್ ಒರೆಸಿ ಹಾಕುತ್ತಾರೆ.